ಸನ್ನದು ಸಿಕ್ಕ ಮೇಲೆ: ರಾಜ್ಯ ವಕೀಲರ ಪರಿಷತ್ತು ಮತ್ತು ಹೊಸ ವಕೀಲರು

1961ರ ಮೇ 19ರಂದು ವಕೀಲರ ಅಧಿನಿಯಮಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಗ ಆ ಸ್ಥಾನದಲ್ಲಿದ್ದವರು ಬಾಬು ರಾಜೇಂದ್ರ ಪ್ರಸಾದ್. ಕಲ್ಕತ್ತ, ಪಟ್ನಾ ಹೈಕೋರ್ಟುಗಳಲ್ಲಿ ಕೋಟು ತೊಟ್ಟು ನಿಂತು ವಾದಿಸಿದ್ದ ಅವರ ಜನ್ಮದಿನವಾದ ಡಿಸೆಂಬರ್ 3ನ್ನೇ ನಾವು ವಕೀಲರ ದಿನವೆಂದು ಆಚರಿಸುತ್ತೇವೆ. ನಮ್ಮ ರಾಜ್ಯ ವಕೀಲರ ಪರಿಷತ್ತಿಗೆ ಅಸ್ತಿತ್ವ ಕೊಟ್ಟದ್ದೂ ಆ ಕಾಯ್ದೆಯೇ. ಪರಿಷತ್ತಿನ ಚರಿತ್ರೆ ಬರೆಯುವವರು ಅಧ್ಯಕ್ಷರು, ಚುನಾವಣೆ, ಕಟ್ಟಡಗಳ ಜಾಡು ಹಿಡಿದು ಹೋಗುವುದು ವಾಡಿಕೆ. ನಾನು ಹಿಡಿಯುವ ಎಳೆ ಬೇರೆ. ಸನ್ನದು ಪಡೆದು ಹೊರಬಂದ ಹುಡುಗ ಹುಡುಗಿಯರನ್ನು ನಿಜವಾದ ವಕೀಲರನ್ನಾಗಿ ತಿದ್ದುವ ಹೊಣೆ ಇಷ್ಟು ವರ್ಷಗಳಲ್ಲಿ ಯಾರ ಹೆಗಲ ಮೇಲಿತ್ತು ಎಂಬುದಷ್ಟೇ ನನ್ನ ವಿಷಯ.

ಏಕೀಕರಣಕ್ಕೆ ಮುಂಚೆ ಕನ್ನಡ ನಾಡಿನ ವಕೀಲರಿಗೆ ಒಂದೇ ಮನೆ ಇರಲಿಲ್ಲ. ಧಾರವಾಡ, ಬೆಳಗಾವಿಯವರ ಕಣ್ಣು ಮುಂಬಯಿ ಹೈಕೋರ್ಟಿನತ್ತ, ಮಂಗಳೂರಿನವರದು ಮದರಾಸಿನತ್ತ, ಕಲಬುರಗಿ, ರಾಯಚೂರಿನವರದು ಹೈದರಾಬಾದಿನತ್ತ. ಮೈಸೂರು ಸೀಮೆಗೆ ಅದರದೇ ಹೈಕೋರ್ಟು, ಕೊಡಗಿಗೆ ಜುಡಿಷಿಯಲ್ ಕಮಿಷನರ ನ್ಯಾಯಾಲಯ. ಬ್ರಿಟಿಷ್ ಪ್ರಾಂತ್ಯಗಳಲ್ಲಿ 1879ರ ಕಾಯ್ದೆಯ ಪ್ರಕಾರ ವಕೀಲ, ಪ್ಲೀಡರ್, ಮುಖ್ತಾರ ಎಂಬ ಮೇಲು ಕೀಳಿನ ದರ್ಜೆಗಳೂ ಇದ್ದವು. 1956ರಲ್ಲಿ ರಾಜ್ಯ ಒಂದಾಯಿತು, 1961ರ ಕಾಯ್ದೆ ದರ್ಜೆಗಳನ್ನು ಅಳಿಸಿತು. ಬೀದರಿನ ತರುಣನ ಹೆಸರೂ ಬೆಂಗಳೂರಿನ ತರುಣನ ಹೆಸರೂ ಒಂದೇ ಪಟ್ಟಿಗೆ ಸೇರುವಂತಾಯಿತು. ಈ ಪಟ್ಟಿಯ ಬೆಲೆ ಇಂದಿನವರಿಗೆ ತಟ್ಟನೆ ಹೊಳೆಯಲಾರದು. ಪರಿಷತ್ತು ಮಾಡಿದ ಮೊದಲ ದೊಡ್ಡ ಕೆಲಸ ಅದೇ ಎಂದು ನಾನು ನಂಬಿದ್ದೇನೆ.

ಆ ಕಾಯ್ದೆಯ 24ನೇ ಕಲಮಿನಲ್ಲಿ ಆಗ ಇನ್ನೊಂದು ಮಾತೂ ಇತ್ತು. ಕಾನೂನು ಪದವಿ ಮುಗಿದ ಮೇಲೆ ಅಭ್ಯರ್ಥಿ ರಾಜ್ಯ ಪರಿಷತ್ತು ಗೊತ್ತುಪಡಿಸಿದ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಆಮೇಲೆ ನೋಂದಣಿ. 1973ರ ತಿದ್ದುಪಡಿ ಇದನ್ನು ಕಿತ್ತುಹಾಕಿತು. 1974ರ ಜನವರಿ 31ರಿಂದ ಪದವಿಯೊಂದಿದ್ದರೆ ಸನ್ನದಿಗೆ ಸಾಕು ಎಂದಾಯಿತು. ಬಾಗಿಲು ಅಗಲವಾದದ್ದು ಒಳ್ಳೆಯದೇ. ಆದರೆ ಒಳಗೆ ಬಂದವರಿಗೆ ಕಸುಬು ಕಲಿಸುವ ಹೊಣೆ ಅಂದಿನಿಂದ ಪೂರ್ತಿಯಾಗಿ ಸೀನಿಯರುಗಳ ಕಚೇರಿಯ ಮೇಲೂ ಊರೂರಿನ ವಕೀಲರ ಸಂಘಗಳ ಮೇಲೂ ಬಿತ್ತು.

ಆ ಕಚೇರಿಗಳಲ್ಲಿ ನಡೆಯುತ್ತಿದ್ದ ಪಾಠಕ್ಕೆ ಪಠ್ಯಪುಸ್ತಕ ಇರಲಿಲ್ಲ. ಬೆಳಿಗ್ಗೆ ಡೈರಿ ತೆಗೆದು ಅಂದಿನ ಕೇಸುಗಳ ಕಟ್ಟು ಜೋಡಿಸಬೇಕು. ಯಾವ ಕೇಸಿಗೆ ಪಾಟೀಸವಾಲು, ಯಾವುದಕ್ಕೆ ತಕರಾರು, ಯಾವುದಕ್ಕೆ ಬರೀ ವಾಯಿದೆ ಎಂದು ಗುರುತು ಹಾಕಿಕೊಳ್ಳಬೇಕು. ಜಮೀನಿನ ದಾವೆಯ ಕರಡು ಟೈಪಾಗಿ ಬಂದರೆ ಗುಮಾಸ್ತರು ಜೂನಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಷೆಡ್ಯೂಲನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಕೊನೆಗೆ ಚೆಕ್ಕುಬಂದಿ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿ ದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಅಣ್ಣನ ಪಾಲು. ಪೂರ್ವ ಪಶ್ಚಿಮ ಅದಲುಬದಲಾದರೆ ಆಗುವ ಅನಾಹುತವನ್ನು ಅವರು ಅಲ್ಲೇ ಬಿಡಿಸಿ ಹೇಳುತ್ತಿದ್ದರು. ಹತ್ತು ವರ್ಷ ಹೋರಾಡಿ ಡಿಕ್ರಿ ಗೆದ್ದ ರೈತ ಅಮಲ್ಜಾರಿಗೆ ಹೋದಾಗ ಅಮೀನರು ಜಮೀನಿನಲ್ಲಿ ನಿಂತು, ಕಾಗದದಲ್ಲಿರುವುದು ಈ ಹೊಲವೇ ಅಲ್ಲ ಎನ್ನುತ್ತಾರೆ. ಕಾಲೇಜಿನ ಮೂರು ವರ್ಷ ಕಲಿಸದ ಎಚ್ಚರವನ್ನು ಗುಮಾಸ್ತರ ಆ ಒಂದು ಸಂಜೆ ಕಲಿಸುತ್ತಿತ್ತು. ವಕೀಲಿಕೆಯ ಚರಿತ್ರೆಯಲ್ಲಿ ಈ ಗುಮಾಸ್ತರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಸಂಘದ ಕೊಠಡಿಯಲ್ಲಿ ನಡೆಯುತ್ತಿದ್ದುದು ಬೇರೆ ಬಗೆಯ ಕಲಿಕೆ. ಕೋರ್ಟ್ ಹಾಲಿನಲ್ಲಿ ಜಿದ್ದಿಗೆ ಬಿದ್ದು ವಾದಿಸಿದ ಇಬ್ಬರು ಹಿರಿಯರು ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚುವುದನ್ನು ನೋಡಿಯೇ ಕಿರಿಯರಿಗೆ ಅರ್ಥವಾಗುತ್ತಿತ್ತು, ಜಗಳ ಕಕ್ಷಿದಾರರದು ಎಂದು. ಬೇರೆ ಕಚೇರಿಯ ಜೂನಿಯರ್ ಬಂದು, "ಸಾರ್, ಈ ಐಎಗೆ ಯಾವ ಪ್ರಾವಿಷನ್ ಹಾಕಬೇಕು?" ಎಂದರೆ ಎದುರು ಪಕ್ಷದ ಹಿರಿಯರೇ, "ಕೂತ್ಕೊಳ್ಳಪ್ಪ, ಸಿಪಿಸಿ ತೆಗಿ" ಎಂದು ಪುಟ ತಿರುವಿಸುತ್ತಿದ್ದರು.

ಆದರೆ ಈ ಪದ್ಧತಿ ಎಲ್ಲರಿಗೂ ಸಮನಾಗಿ ಒದಗಲಿಲ್ಲ, ಅದನ್ನೂ ಬರೆಯದಿದ್ದರೆ ಇದು ಚರಿತ್ರೆಯಾಗದು. ತಂದೆಯೋ ಸೋದರಮಾವನೋ ವಕೀಲರಾಗಿದ್ದವರಿಗೆ ಕಚೇರಿ ತಾನಾಗಿ ತೆರೆಯಿತು. ಹಳ್ಳಿಯಿಂದ, ದಲಿತ ಕೇರಿಯಿಂದ ಮೊದಲ ತಲೆಮಾರಿಗೆ ಬಂದವರು ಶಿಫಾರಸಿಲ್ಲದೆ ಮೆಟ್ಟಿಲು ಮೆಟ್ಟಿಲು ಅಲೆದರು. ಹೆಣ್ಣುಮಕ್ಕಳಿಗೆ ತಾಲ್ಲೂಕು ಕೋರ್ಟುಗಳಲ್ಲಿ ಕೂರಲು ಜಾಗವೇ ಇರದಿದ್ದ ಕಾಲವಿತ್ತು. 1970ರ ದಶಕದ ಕೊನೆಯಲ್ಲಿ ಬಳ್ಳಾರಿಯಲ್ಲಿ ವಕೀಲಿಕೆ ಶುರು ಮಾಡಿದ ಮಂಜುಳಾ ಚೆಲ್ಲೂರು 2000ದಲ್ಲಿ ನಮ್ಮ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು, ಮುಂದೆ ಕೇರಳ, ಕಲ್ಕತ್ತ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. 2008ರ ಜುಲೈನಲ್ಲಿ ಧಾರವಾಡ, ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಶುರುವಾಗಿ 2013ರಲ್ಲಿ ಕಾಯಂ ಆದದ್ದು ಉತ್ತರದ ಜಿಲ್ಲೆಗಳ ಕಿರಿಯರ ಪಾಲಿಗೆ ದೊಡ್ಡ ತಿರುವು. ಅಲ್ಲಿಯವರೆಗೆ ಹೈಕೋರ್ಟು ಪ್ರಾಕ್ಟೀಸು ಎಂದರೆ ಊರು ಬಿಟ್ಟು ಬೆಂಗಳೂರಿನಲ್ಲಿ ರೂಮು ಹಿಡಿಯುವುದೇ ಆಗಿತ್ತು.

ತರಬೇತಿಯನ್ನು ಮತ್ತೆ ನಿಯಮದೊಳಗೆ ತರುವ ಯತ್ನಗಳೂ ನಡೆದವು. ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿ ಕಡ್ಡಾಯ ಮಾಡಿತು. ಹಾಗೆ ಮಾಡುವ ಅಧಿಕಾರ ಅದಕ್ಕಿಲ್ಲವೆಂದು ಸುಪ್ರೀಂ ಕೋರ್ಟು 1999ರ ಸುಧೀರ್ ಪ್ರಕರಣದಲ್ಲಿ ಆ ನಿಯಮಗಳನ್ನು ರದ್ದುಪಡಿಸಿತು. 2010ರಲ್ಲಿ ಅಖಿಲ ಭಾರತ ವಕೀಲರ ಪರೀಕ್ಷೆಯ ತೀರ್ಮಾನವಾಗಿ, 2011ರ ಮಾರ್ಚಿನಲ್ಲಿ ಮೊದಲ ಪರೀಕ್ಷೆ ನಡೆಯಿತು. 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪರೀಕ್ಷೆ ಇರಲಿ, ನನ್ನ ವಿರೋಧವಿಲ್ಲ. ಆದರೆ ಸಾಕ್ಷಿಕಟ್ಟೆಯಲ್ಲಿ ನಡುಗುತ್ತಿರುವ ಮುದುಕಿಯನ್ನು ಹೇಗೆ ಮಾತಾಡಿಸಬೇಕು, ನ್ಯಾಯಾಧೀಶರು ಸಿಡುಕಿದಾಗ ಎಲ್ಲಿ ಸುಮ್ಮನಾಗಬೇಕು ಎಂಬುದು ಯಾವ ಪ್ರಶ್ನೆಪತ್ರಿಕೆಗೂ ನಿಲುಕುವುದಿಲ್ಲ.

ಇತ್ತೀಚಿನ ಎರಡು ಬೆಳವಣಿಗೆಗಳು ಹೊಸಬರ ಜೇಬಿಗೆ ಸಂಬಂಧಿಸಿದವು. ಕಾಯ್ದೆಯಲ್ಲಿ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ಎಂದಿದ್ದರೂ ದೇಶದ ರಾಜ್ಯ ಪರಿಷತ್ತುಗಳು ಬೇರೆ ಬೇರೆ ಬಾಬತ್ತು ಸೇರಿಸಿ 15,000ದಿಂದ 42,000 ರೂಪಾಯಿವರೆಗೆ ಪಡೆಯುತ್ತಿದ್ದವು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಹಾಕಿತು. ಬಡವರ ಮನೆಯ ಮಗುವಿನಿಂದ ಬಾಗಿಲಲ್ಲೇ ಅಷ್ಟು ಹಣ ಕೇಳುವುದು ಸಮಾನತೆಗೆ ಒಪ್ಪುವಂಥದ್ದಲ್ಲ ಎಂಬ ಆ ತೀರ್ಪು ವಕೀಲಿಕೆಗೆ ಬಂದ ದೊಡ್ಡ ಭಾಗ್ಯ. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿ, ಜೂನಿಯರುಗಳಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡುವಂತೆ ಸಲಹೆ ಮಾಡಿತು. ಇದು ಸಲಹೆ ಮಾತ್ರ, ಕಡ್ಡಾಯವಲ್ಲ. ಬಸ್ಸಿನ ಪಾಸಿಗೂ ಊಟಕ್ಕೂ ಮನೆಯವರನ್ನೇ ಕೇಳಬೇಕಾದ ಮಕ್ಕಳು ಎಷ್ಟು ದಿನ ಕಲಿಕೆಯ ಹೆಸರಿನಲ್ಲಿ ದುಡಿಯಬಲ್ಲರು? ಪ್ರತಿಭೆ ಇದ್ದೂ ಎರಡನೆಯ ವರ್ಷಕ್ಕೇ ಕೋಟು ಮಡಚಿಟ್ಟು ಬೇರೆ ನೌಕರಿಗೆ ಹೋದವರನ್ನು ನೆನೆದರೆ ಸಂಕಟವಾಗುತ್ತದೆ.

ಹಾಗೆಂದು ನಮ್ಮಲ್ಲಿ ಒಬ್ಬರಿಗೊಬ್ಬರು ಆಗುವ ಗುಣ ಇಲ್ಲವೆಂದಲ್ಲ. 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯ ಕೆಳಗೆ ಪ್ರತಿ ವಕಾಲತ್ತಿಗೂ ಕಲ್ಯಾಣ ನಿಧಿಯ ಸ್ಟಾಂಪು ಅಂಟಿಸುತ್ತೇವೆ. ಮೊದಲ ವಕಾಲತ್ತು ಸಲ್ಲಿಸುವ ಜೂನಿಯರ್ ಅಂಟಿಸಿದ ಸ್ಟಾಂಪಿನ ಹಣವೂ ತಾನು ಕಂಡೇ ಇರದ ಯಾವುದೋ ಊರಿನ ಮೃತ ವಕೀಲರ ಕುಟುಂಬಕ್ಕೆ ಆಸರೆಯಾಗುತ್ತದೆ. ಕೊನೆಗಾಲಕ್ಕೆ ಆಗುವ ಈ ವ್ಯವಸ್ಥೆ ಆರಂಭದ ಕಾಲಕ್ಕೂ ಬೇಕು. ಪ್ರತಿ ತಾಲ್ಲೂಕು ಸಂಘವೂ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎರಡು ನಿರ್ಣಯ ಮಾಡಲಿ. ಹೊಸದಾಗಿ ಸನ್ನದು ಪಡೆದ, ಸೀನಿಯರ್ ಸಿಗದವರ ಹೆಸರು ಬರೆದುಕೊಳ್ಳುವ ಒಂದು ರಿಜಿಸ್ಟರು ಸಂಘದ ಕಚೇರಿಯಲ್ಲಿರಲಿ, ಅವರನ್ನು ಕಚೇರಿಗಳಿಗೆ ಹಂಚುವ ಹೊಣೆ ಕಾರ್ಯದರ್ಶಿಗಳದಾಗಿರಲಿ. ಪೂರ್ತಿ ಸಂಭಾವನೆ ಕೊಡಲಾಗದ ಸೀನಿಯರುಗಳ ಜೂನಿಯರುಗಳಿಗೆ ಕೊರತೆ ಬೀಳುವ ಮೊತ್ತವನ್ನು ತುಂಬಲು ಸಂಘವು ಒಂದು ನಿಧಿ ತೆರೆಯಲಿ, ರಾಜ್ಯ ಪರಿಷತ್ತು ಅದಕ್ಕೆ ತನ್ನ ಪಾಲು ಸೇರಿಸಲಿ.