ಗೋಡೆಯಿಂದ ಮಣಿಕಟ್ಟಿಗೆ

ಕನ್ನಡದಲ್ಲಿ ಬಾರಿಸುವುದೂ ಗಂಟೆ, ಹೊತ್ತಿನ ಅಳತೆಯೂ ಗಂಟೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಇವೆರಡೂ ಬಹುಕಾಲ ಒಂದೇ ಆಗಿದ್ದವು. ತೂಗುಹಾಕಿದ ಕಬ್ಬಿಣದ ತುಂಡಿಗೆ ಬೆಳಿಗ್ಗೆ ಬಡಿತ ಬಿದ್ದರೆ ಆಳುಗಳು ಲೈನ್ ಮನೆಯಿಂದ ಹೊರಡಬೇಕು, ಸಂಜೆ ಬಡಿತ ಬಿದ್ದರೆ ಬುಟ್ಟಿ ಇಳಿಸಬೇಕು. ಕೈಗೆ ವಾಚು ಕಟ್ಟಿದವರು ಸಾಹುಕಾರರು, ಲೆಕ್ಕ ಬರೆಯುವ ರೈಟರು, ಅಷ್ಟೆ. ತೋಟದ ಮನೆಯ ನಡುಮನೆಯಲ್ಲಿ ಪೆಂಡುಲಮ್ಮಿನ ಗಡಿಯಾರವೊಂದು ಟಕಟಕ ಅನ್ನುತ್ತಿತ್ತು. ಅದರ ಆಜುಬಾಜಿನಲ್ಲಿ ಕಟ್ಟು ಹಾಕಿಸಿದ ಲಕ್ಷ್ಮಿ, ಸರಸ್ವತಿ.

ಆ ಲಕ್ಷ್ಮಿ, ಸರಸ್ವತಿ ಎಷ್ಟೋ ಮನೆಗಳಲ್ಲಿ ರಾಜಾ ರವಿವರ್ಮನ ಕೈಯಿಂದ ಬಂದವರು. ಗಡಿಯಾರ, ಚಿತ್ರ ಎರಡೂ ಒಂದೇ ಗೋಡೆಯಲ್ಲಿದ್ದರೂ ಚಿತ್ರ ಗಡಿಯಾರದೊಳಗೆ ಬರಲು ತುಂಬಾ ಕಾಲ ಹಿಡಿಯಿತು.

ರವಿವರ್ಮನಿಗೂ ಮೈಸೂರು ಸೀಮೆಗೂ ನಂಟು ಹಳೆಯದು. 1885ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ ಆತ ಮೈಸೂರಿಗೆ ಬಂದು ರಾಜಮನೆತನದವರ ಭಾವಚಿತ್ರ ಬರೆದ. 1906ರಲ್ಲಿ ತೀರಿಕೊಳ್ಳುವ ಮುಂಚಿನ ಕೊನೆಯ ವರ್ಷಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣದ ಚಿತ್ರಗಳನ್ನು ಬರೆದ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರಿಗೆ ಅವನ ಮೂಲ ಕೃತಿಗಳು ಕಾಣಸಿಗುತ್ತವೆ. ಅದೇ ಕಟ್ಟಡದಲ್ಲಿ, ಪುಟಾಣಿ ಸೈನಿಕರ ಕವಾಯತಿನೊಂದಿಗೆ ಹೊತ್ತು ಹೇಳುವ ಫ್ರೆಂಚ್ ಸಂಗೀತ ಗಡಿಯಾರವೂ ಇದೆ. ತೋಟದ ಮನೆಯ ನಡುಮನೆಯ ಜೋಡಿಯೇ ಇಲ್ಲಿ ಅರಮನೆಯ ಅಳತೆಯಲ್ಲಿ ನಿಂತಂತೆ.

ಅರಮನೆಯ ಚಿತ್ರ ಮಲೆನಾಡಿನ ಗೋಡೆಗೆ ಬಂದದ್ದು ಅಚ್ಚಿನಿಂದ. ದಿವಾನರಾಗಿದ್ದ ಸರ್ ಟಿ. ಮಾಧವರಾವ್, ಒಬ್ಬ ಕಲಾವಿದನ ಎರಡು ಕೈ ದೇಶದ ಬೇಡಿಕೆಗೆ ಸಾಲದು, ಚಿತ್ರಗಳನ್ನು ಅಚ್ಚು ಹಾಕಿಸಬೇಕು ಎಂಬ ಸಲಹೆ ಕೊಟ್ಟಿದ್ದರು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮ ಪ್ರೆಸ್ ಶುರುವಾಯಿತು. ಯಂತ್ರ ಜರ್ಮನಿಯದು, ಅದನ್ನು ನಡೆಸಬಲ್ಲ ತಂತ್ರಜ್ಞರೂ ಅಲ್ಲಿಯವರೇ. ಕಲ್ಲಚ್ಚಿನ ಕೆಲಸ ತಾಳ್ಮೆಯದು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅದೇ ಕಾಗದವನ್ನು ಮತ್ತೆ ಮತ್ತೆ ಕಲ್ಲಿಗೊತ್ತಿ, ಕೂದಲೆಳೆಯಷ್ಟೂ ಜರುಗದಂತೆ ನೋಡಿಕೊಂಡರೆ ಮಾತ್ರ ಸೀರೆಯ ಕೆಂಪು ಸೀರೆಯೊಳಗೇ ನಿಲ್ಲುತ್ತದೆ. ಹೀಗೆ ಅಚ್ಚಾದ ದೇವಿಯರು ಸೋಪಿನ ಕಂಪನಿಗಳ ಕ್ಯಾಲೆಂಡರುಗಳನ್ನೂ ಏರಿದರು. ದಿನ ಎಣಿಸುವ ಹಾಳೆಯ ಮೇಲೆ ಚಿತ್ರಕಾರ ಕೂತದ್ದು ಆಗಲೇ. ಗಂಟೆ ಎಣಿಸುವ ಬಿಲ್ಲೆಯ ಮೇಲೆ ಕೂರುವುದು ಉಳಿದಿತ್ತು.

1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ವಾಚಿನ ಕಾರ್ಖಾನೆ ತೆರೆಯಿತು. 1978ರಲ್ಲಿ ತುಮಕೂರಿನ ಕಾರ್ಖಾನೆಯೂ ಸೇರಿತು. ಅಲ್ಲಿಯವರೆಗೆ ಪರದೇಶಿ ವಾಚು ಕಟ್ಟಿದವರನ್ನು ದೂರದಿಂದ ನೋಡುತ್ತಿದ್ದ ಮೇಷ್ಟ್ರು, ಬಸ್ ಕಂಡಕ್ಟರು, ತೋಟದ ರೈಟರು ಎಚ್‌ಎಂಟಿಯ ‘ಜನತಾ’ ವಾಚು ಕಟ್ಟಿಕೊಂಡರು. ಮದುವೆಯಲ್ಲಿ ಅಳಿಯನ ಕೈಗೂ ಅದೇ ಬಂತು. ದಿನಕ್ಕೊಮ್ಮೆ ಕೀ ಕೊಡಬೇಕು. ಡಯಲಿನ ಮೇಲೆ ಹೆಸರು, 17 ಜ್ಯುವೆಲ್ಸ್ ಎಂಬ ಬರಹ, ತೆಳ್ಳನೆಯ ಮುಳ್ಳುಗಳು, ಮಿಕ್ಕಿದ್ದೆಲ್ಲ ಬರಿದು. ಮಳೆಗಾಲದಲ್ಲಿ ಗಾಜಿನೊಳಗೆ ಆವಿ ಕಟ್ಟಿದರೂ ಇಣುಕಿ ಹೊತ್ತು ಓದಬಹುದಿತ್ತು. ಚಿತ್ರಕ್ಕೆ ಅಲ್ಲಿ ಜಾಗವಿರಲಿಲ್ಲ, ಅಂಥ ಅಗತ್ಯವೂ ಇರಲಿಲ್ಲ. ಆದರೆ ಆ ಬರಿದಾದ ಡಯಲನ್ನು ಕಲೆಯಲ್ಲ ಎನ್ನುವುದು ಕಷ್ಟ. ಎಷ್ಟು ಬಿಡಬೇಕೆಂದು ತಿಳಿದ ಕಣ್ಣೇ ಅದನ್ನು ರೂಪಿಸಿದೆ.

ಹೊರಗೆ ಅಷ್ಟರಲ್ಲಿ ಬೇರೆ ಗಾಳಿ ಬೀಸುತ್ತಿತ್ತು. 1931ರಲ್ಲಿ ಸಾಲ್ವದೊರ್ ದಾಲಿ ಕರಗಿ ಜೋತುಬಿದ್ದ ಗಡಿಯಾರಗಳನ್ನು ಬರೆದಿದ್ದ. ಚಿತ್ರಕಾರನೇ ಗಡಿಯಾರವನ್ನು ಹಿಡಿದ ಕಥೆ ಅದು. ಗಡಿಯಾರ ಚಿತ್ರಕಾರನನ್ನು ಹಿಡಿದದ್ದು 1980ರ ದಶಕದಲ್ಲಿ. ಸ್ವಿಟ್ಜರ್ಲೆಂಡಿನ ಸ್ವಾಚ್ ಕಂಪನಿ 1985ರಲ್ಲಿ ಕಿಕಿ ಪಿಕಾಸೊ, 1986ರಲ್ಲಿ ಕೀತ್ ಹೇರಿಂಗ್ ಎಂಬ ಕಲಾವಿದರಿಂದ ಪ್ಲಾಸ್ಟಿಕ್ ವಾಚುಗಳಿಗೆ ಬಣ್ಣ ತುಂಬಿಸಿತು. 2021ರಲ್ಲಿ ವ್ಯಾನ್ ಗೋನ ನಕ್ಷತ್ರದ ರಾತ್ರಿಯೂ ಸ್ವಾಚ್ ಮೇಲೆ ಬಂತು. ಡಯಲಿನ ಮೇಲೆ ಬಣ್ಣ ಹಾಕುವ ಸಾಮಾನ್ಯ ವಿಧಾನ ನೋಡಿದರೆ ರವಿವರ್ಮ ಪ್ರೆಸ್ಸಿನ ನೆನಪಾಗದೆ ಇರದು. ಕೊರೆದ ತಗಡಿನೊಳಗೆ ಶಾಯಿ ತುಂಬುತ್ತಾರೆ. ಮೆತ್ತನೆಯ ಸಿಲಿಕೋನ್ ಉಂಡೆ ಅದನ್ನು ಎತ್ತಿಕೊಂಡು ಡಯಲಿಗೆ ಒತ್ತುತ್ತದೆ. ಇನ್ನೊಂದು ಬಣ್ಣಕ್ಕೆ ಇನ್ನೊಂದು ತಗಡು. ಕಲ್ಲು ಹೋಗಿ ತಗಡು ಬಂದಿದೆ. ಜರುಗಬಾರದೆಂಬ ಆತಂಕ ಮಾತ್ರ ಹಾಗೇ ಇದೆ.

ಚಿತ್ರವಿರುವ ವಾಚಿಗೆ ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಬೆಂಗಳೂರಿನಿಂದ ಗಡಿ ದಾಟಿ ಹೊಸೂರಿಗೆ ಹೋಗಬೇಕು. ತಮಿಳುನಾಡಿಗೆ ಸೇರಿದರೂ ಕನ್ನಡ ಕಿವಿಗೆ ಬೀಳುವ ಊರು. ಟಾಟಾ ಬಳಗ ಮತ್ತು ತಮಿಳುನಾಡು ಸರಕಾರದ ಕೈಗಾರಿಕಾ ನಿಗಮ ಸೇರಿ 1984ರಲ್ಲಿ ಹುಟ್ಟುಹಾಕಿದ ಟೈಟನ್ ಕಂಪನಿಯ ಕಾರ್ಖಾನೆ ಇರುವುದು ಅಲ್ಲಿ. ಇದೇ ಟೈಟನ್ 2025ರಲ್ಲಿ ‘ಜಲ್ಸಾ’ ಎಂಬ ವಾಚನ್ನು ಹೊರತಂದಿತು. ಜೈಪುರದ ಹವಾ ಮಹಲಿಗೆ 225 ವರ್ಷ ತುಂಬಿದ ನೆನಪಿಗೆ ಮಾಡಿದ್ದು. ಡಯಲು ಅಮೃತಶಿಲೆಯದು. ಅದರ ಮೇಲೆ ಪದ್ಮಶ್ರೀ ಪುರಸ್ಕೃತ ಶಾಕಿರ್ ಅಲಿ ಕೈಯಾರೆ ಕಿರುಚಿತ್ರ ಬರೆದಿದ್ದಾರೆ. ಒಳಗಿರುವುದು ಟೂರ್ಬಿಯಾನ್, ಎಂದರೆ ಬಡಿತದ ಚಕ್ರವೇ ಗೂಡಿನ ಸಮೇತ ಸುತ್ತುವ ಯಂತ್ರ. ಮಾಡಿದ್ದು ಬರೀ 10, ಬೆಲೆ 40 ಲಕ್ಷ ರೂಪಾಯಿಗೂ ಮೇಲೆ.

ಕೆಲಸ ಬೆರಗು ಹುಟ್ಟಿಸುತ್ತದೆ. ಒಂದು ಹಣೆಬೊಟ್ಟಿನಷ್ಟು ಜಾಗದಲ್ಲಿ ಕುಂಚ ಎಲ್ಲಿ ತಿರುಗಿತೋ! ಆದರೂ ರವಿವರ್ಮನ ಹಾದಿಯಿಂದ ಅಳೆದರೆ ಅವನಿಗೆ ಹತ್ತಿರವಾದದ್ದು ಈ 10 ವಾಚುಗಳಲ್ಲ. ಅರಮನೆಯ ದೇವಿಯನ್ನು ಬಡವನ ಗೋಡೆಗೆ ತಂದವನು ಅವನು. ಎಚ್‌ಎಂಟಿ ತನ್ನ ಆಯುಷ್ಯದಲ್ಲಿ ಮಾಡಿದ 10 ಕೋಟಿಗೂ ಹೆಚ್ಚು ವಾಚುಗಳು ಆ ಹಾದಿಯಲ್ಲಿ ನಡೆದವು, ಚಿತ್ರವಿಲ್ಲದೆಯೇ. ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಹಾಗೆಂದು ಆ ಹಾದಿ ಮುಚ್ಚಿಲ್ಲ: ರವಿವರ್ಮನ ಚಿತ್ರಗಳ ಹಕ್ಕುಸ್ವಾಮ್ಯ ಮುಗಿದು ದಶಕಗಳೇ ಆಗಿವೆ. ಅವನ್ನು ಯಾರು ಬೇಕಾದರೂ ಡಯಲಿಗೆ ಇಳಿಸಬಹುದು.

ಜಲ್ಸಾದ ಒಂದು ಅಂಶ ಮಾತ್ರ ಮನಸ್ಸಿಗೆ ಹಿಡಿಸುವಂಥದ್ದು. ಅದರ ನಿಮಿಷದ ಮುಳ್ಳಿಗೆ ಭೂತಗನ್ನಡಿ ಇದೆ. ಮುಳ್ಳು ಸುತ್ತುತ್ತಾ ಹೋದಂತೆ ಅದರ ಕೆಳಗಿನ ಚಿತ್ರದ ತುಣುಕು ದೊಡ್ಡದಾಗಿ ಕಂಡು, ನಿಮಿಷ ಕಳೆದ ಮೇಲೆ ಪಕ್ಕದ ತುಣುಕಿಗೆ ಜಾಗ ಬಿಡುತ್ತದೆ.