ನಿಷಿದ್ಧಾರಣ್ಯಗಳ ಕಥೆ: ತಡವಾಗಿ ಬರೆದ ಒಂದು ಉತ್ತರ



ಜೂನ್ ತಿಂಗಳು ಬಂದೊಡನೆ ಹೊಸ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ ಸಂಭ್ರಮ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಂದು ಕಾಗದ ಕೊಳ್ಳುವ ಅನುಕೂಲ ಎಲ್ಲರ ಮನೆಯಲ್ಲೂ ಇರಲಿಲ್ಲ. ಆದ್ದರಿಂದ 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಹಳೆಯ ಸಂಚಿಕೆಗಳಿಗೆ ಬಲು ಬೇಡಿಕೆ. ನುಣುಪಾದ ದಪ್ಪ ಹಾಳೆ, ಬಣ್ಣದ ಚಿತ್ರ. ಮಳೆಯಲ್ಲಿ ನೆನೆದರೂ ಬೇಗ ಹರಿಯುತ್ತಿರಲಿಲ್ಲ. ಗೋಧಿಯ ಹೊಲದಲ್ಲಿ ನಗುವ ರೈತಮಹಿಳೆ, ಟ್ರಾಕ್ಟರು, ಆಕಾಶಕ್ಕೇರುವ ರಾಕೆಟ್ಟು, ಇವೆಲ್ಲ ನಿಮ್ಮ ಗಣಿತ, ವಿಜ್ಞಾನದ ಪುಸ್ತಕಗಳ ಮೇಲೆ ವರ್ಷವಿಡೀ ವಿರಾಜಮಾನವಾಗಿರುತ್ತಿದ್ದವು.

1986ರ ಜೂನ್‌ನಲ್ಲಿ ಶಾಲೆ ಪುನರಾರಂಭವಾದಾಗ ಒಂಬತ್ತನೆಯ ತರಗತಿಯಲ್ಲಿ ನಾನು ಚೆರ್ನೋಬಿಲ್ ದುರಂತದ ಬಗ್ಗೆ ಪತ್ರಿಕೆಯ ತುಣುಕೊಂದನ್ನು ಓದಿ ಹೇಳಿದೆ. ಅಣುಸ್ಥಾವರ ಸ್ಫೋಟಗೊಂಡದ್ದು, ಇಡೀ ಊರನ್ನು ತೆರವು ಮಾಡಿದ್ದು, ಎಲ್ಲವನ್ನೂ ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಜನ ಹೋದಮೇಲೆ ಆ ಊರಿನ ನಾಯಿಗಳು ಏನಾದವು?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ಚರಿತ್ರೆ ಅಂದ್ರೆ ಮನುಷ್ಯರ ಕಥೆ ಕಣಯ್ಯಾ, ನಾಯಿಗಳದ್ದಲ್ಲ. ಕೂತ್ಕೋ" ಎಂದೆ. ಅವನು ಕುಳಿತ. ಮುಂದೆ ಆ ವರ್ಷ ನನ್ನ ಪಾಠದಲ್ಲಿ ಅವನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಈಗ ಆ ಮಾತನ್ನು ನೆನೆಯಲು ಕಾರಣ ನನ್ನ ಮಗಳು ತಂದುಕೊಟ್ಟ ಕೆಲವು ಕಾದಂಬರಿಗಳು. ವಿಜ್ಞಾನಿಗಳ ತಂಡವೊಂದು ಅಪರಿಚಿತವೂ ಅಪಾಯಕಾರಿಯೂ ಆದ ಅರಣ್ಯವನ್ನೋ ಹಿಮಭೂಮಿಯನ್ನೋ ಹೊಕ್ಕು, ಅಲ್ಲಿ ತನ್ನ ವಿದ್ಯೆಗೆ ನಿಲುಕದ್ದನ್ನು ಕಾಣುವ ವಿಲಕ್ಷಣ ಕಥೆಗಳವು. ಇಂತಹವನ್ನು ನಾನು ಹಿಂದೆ ಕಾಲಹರಣದ ಸರಕೆಂದೇ ಎಣಿಸಿದ್ದೆ. ಈಗ ಓದಿದಾಗ ಇವುಗಳಿಗೂ ಒಂದು ಚರಿತ್ರೆಯಿದೆ, ಆ ಚರಿತ್ರೆ ನಮ್ಮ ಕಾಲದ ಚರಿತ್ರೆಯೊಡನೆ ಹೆಣೆದುಕೊಂಡಿದೆ ಎಂಬುದು ಮನವರಿಕೆಯಾಯಿತು.

ಮೊದಲಿಗೆ ಆರ್ಥರ್ ಕಾನನ್ ಡಾಯ್ಲ್ 1912ರಲ್ಲಿ ಪ್ರಕಟಿಸಿದ 'ದಿ ಲಾಸ್ಟ್ ವರ್ಲ್ಡ್' ಕಾದಂಬರಿಯನ್ನು ನೋಡೋಣ. ಷರ್ಲಾಕ್ ಹೋಮ್ಸ್‌ನ ಜನಕ ಇಲ್ಲಿ ಚಾಲೆಂಜರ್ ಎಂಬ ಪ್ರಾಧ್ಯಾಪಕನನ್ನು ದಕ್ಷಿಣ ಅಮೆರಿಕದ ಕಡಿದಾದ ಪ್ರಸ್ಥಭೂಮಿಯೊಂದಕ್ಕೆ ಕಳುಹಿಸುತ್ತಾನೆ. ಅಲ್ಲಿ ಲುಪ್ತವಾದವೆಂದು ತಿಳಿದಿದ್ದ ಪ್ರಾಣಿಗಳು ಜೀವಂತವಾಗಿವೆ. ಅಪಾಯಗಳು ಎಷ್ಟಿದ್ದರೂ ವಿಜ್ಞಾನಿಗಳು ಗೆದ್ದು ಬರುತ್ತಾರೆ. ರೆಕ್ಕೆಯುಳ್ಳ ಪುರಾತನ ಸರೀಸೃಪವೊಂದನ್ನು ಲಂಡನ್ನಿನ ಸಭೆಯಲ್ಲಿ ಪ್ರದರ್ಶಿಸುತ್ತಾರೆ. ಅದು ಕಿಟಕಿಯಿಂದ ಹಾರಿಹೋಗುತ್ತದೆ, ಆ ಮಾತು ಬೇರೆ. ಜಗತ್ತು ಮನುಷ್ಯನ ಅರಿವಿಗಾಗಿ ಕಾದು ಕುಳಿತಿದೆ ಎಂಬ ವಿಶ್ವಾಸ ಪುಟಪುಟದಲ್ಲೂ ಇದೆ. ಎರಡೇ ವರ್ಷಕ್ಕೆ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅದೇ ವಿಜ್ಞಾನ ವಿಷಾನಿಲವನ್ನೂ ಕೊಟ್ಟಿತು.

ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ 1931ರಲ್ಲಿ ಬರೆದ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್' ಕೃತಿಯ ವೇಳೆಗೆ ಧ್ವನಿ ಪೂರ್ಣ ಬದಲಾಗಿತ್ತು. ಮೊದಲು ಕಳುಹಿಸಿದ ಪತ್ರಿಕೆ ನಿರಾಕರಿಸಿದ್ದರಿಂದ ಅದು ಅಚ್ಚಾದದ್ದು 1936ರಲ್ಲಿ. ಅಂಟಾರ್ಕ್ಟಿಕಕ್ಕೆ ಹೋದ ವಿಶ್ವವಿದ್ಯಾಲಯದ ತಂಡವೊಂದು ಮನುಷ್ಯಪೂರ್ವದ ನಗರವೊಂದನ್ನು ಕಾಣುತ್ತದೆ. ಕಥೆ ಹೇಳುವವನು ಭೂವಿಜ್ಞಾನಿ. ಅವನು ಬರೆಯುತ್ತಿರುವುದು ತನ್ನ ಶೋಧವನ್ನು ಸಾರಲಿಕ್ಕಲ್ಲ, ಮತ್ತೊಂದು ತಂಡ ಅಲ್ಲಿಗೆ ಹೋಗದಂತೆ ತಡೆಯಲಿಕ್ಕೆ. ತಿಳಿದವನು ತಿಳಿಯಬೇಡಿರೆಂದು ಬೇಡುವ ವಿಪರ್ಯಾಸ ಇಲ್ಲಿಂದ ಬೇರೂರಿತು.

ಇನ್ನು ಸೋವಿಯತ್ ದೇಶಕ್ಕೆ ಬರೋಣ. ಅರ್ಕಾದಿ ಮತ್ತು ಬೋರಿಸ್ ಸ್ತ್ರುಗಾತ್ಸ್ಕಿ ಎಂಬ ಸೋದರರು ಜೊತೆಯಾಗಿ ಬರೆಯುತ್ತಿದ್ದರು. ಹಿರಿಯನು ಜಪಾನೀ ಭಾಷೆಯ ಅನುವಾದಕ, ಕಿರಿಯನು ಪುಲ್ಕೊವೊ ವೀಕ್ಷಣಾಲಯದಲ್ಲಿ ಕೆಲಸ ಮಾಡಿದ ಖಗೋಳಜ್ಞ. ಇಬ್ಬರೂ ಬಾಲ್ಯದಲ್ಲಿ ಲೆನಿನ್‌ಗ್ರಾಡ್ ನಗರದ ಮುತ್ತಿಗೆಯ ಹಸಿವನ್ನು ಕಂಡವರು. 1942ರಲ್ಲಿ ತಂದೆಯೊಡನೆ ಅರ್ಕಾದಿ ಹೆಪ್ಪುಗಟ್ಟಿದ ಸರೋವರ ದಾಟಿ ಪಾರಾದ, ತಂದೆ ಬದುಕಲಿಲ್ಲ. ಈ ಸೋದರರ 'ರೋಡ್‌ಸೈಡ್ ಪಿಕ್ನಿಕ್' 1972ರಲ್ಲಿ ಲೆನಿನ್‌ಗ್ರಾಡಿನ 'ಅವ್ರೋರಾ' ಪತ್ರಿಕೆಯಲ್ಲಿ ಪ್ರಕಟವಾಯಿತು.

ಅನ್ಯಲೋಕದವರು ಭೂಮಿಗೆ ಬಂದು, ಯಾರೊಡನೆಯೂ ಮಾತನಾಡದೆ ಹೊರಟುಹೋಗಿದ್ದಾರೆ. ಅವರು ಇಳಿದ ಸ್ಥಳಗಳು 'ವಲಯ'ಗಳಾಗಿವೆ. ಅಲ್ಲಿ ಬಿದ್ದಿರುವ ವಸ್ತುಗಳ ಉಪಯೋಗ ಯಾರಿಗೂ ತಿಳಿಯದು. ನಾವು ರಸ್ತೆಬದಿಯಲ್ಲಿ ಬುತ್ತಿ ಬಿಚ್ಚಿ ಉಂಡು, ಡಬ್ಬ ಕಾಗದಗಳನ್ನು ಎಸೆದು ಹೋದಮೇಲೆ ಇರುವೆಗಳು ಬಂದು ಅವನ್ನು ನೋಡುವಂತೆ ವಿಜ್ಞಾನಿಗಳು ನೋಡುತ್ತಿದ್ದಾರೆ. ಕಾದಂಬರಿಯ ವಿಜ್ಞಾನಿಯೊಬ್ಬನೇ ಈ ಹೋಲಿಕೆಯ ಮೂಲಕ ಶೀರ್ಷಿಕೆಯ ಗುಟ್ಟನ್ನು ಬಿಡಿಸುತ್ತಾನೆ. ಭೂಮಿಯ ಸೆಳೆತ ಎಲ್ಲಿ ವಿಪರೀತವಾಗಿದೆಯೆಂದು ತಿಳಿಯಲು ನಟ್ಟುಬೋಲ್ಟುಗಳನ್ನು ಮುಂದೆ ಎಸೆಯುತ್ತ ಹೆಜ್ಜೆಯಿಡಬೇಕು. ಕಿರಿಲ್ ಎಂಬ ಸಜ್ಜನ ವಿಜ್ಞಾನಿ ಅಲ್ಲಿ ಬೆಳ್ಳಿಯ ಜೇಡಬಲೆಯಂತಹ ಏನನ್ನೋ ಬೆನ್ನಿಗೆ ತಾಗಿಸಿಕೊಂಡು, ಹಿಂದಿರುಗಿದ ಮೇಲೆ ಸಾಯುತ್ತಾನೆ. ರಾತ್ರಿ ಕದ್ದು ವಲಯಕ್ಕೆ ನುಗ್ಗಿ ವಸ್ತುಗಳನ್ನು ತಂದು ಮಾರುವವರಿಗೆ 'ಸ್ಟಾಕರ್' ಎಂದು ಹೆಸರು. ಈ ಹೆಸರು ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗನ 'ಸ್ಟಾಕಿ ಅಂಡ್ ಕೋ' ಎಂಬ ಶಾಲಾಹುಡುಗರ ಕಥೆಗಳಿಂದ ಹುಟ್ಟಿತೆಂದು ಬೋರಿಸ್ ಬರೆದಿದ್ದಾನೆ. ಪತ್ರಿಕೆಯಲ್ಲಿ ಬಂದ ಈ ಕಾದಂಬರಿ ಪುಸ್ತಕವಾಗಲು ಎಂಟು ವರ್ಷ ಪ್ರಕಾಶಕರೊಡನೆ ಹೋರಾಡಬೇಕಾಯಿತು. ಒರಟು ಮಾತು, ಕುಡಿತ, ಹಿಂಸೆ ಹೆಚ್ಚಾಯಿತೆಂಬುದು ಆಕ್ಷೇಪಣೆ. 1980ರಲ್ಲಿ ಬಂದ ಪುಸ್ತಕದಲ್ಲಿ ಅನೇಕ ಮಾತುಗಳು ತಿದ್ದಲ್ಪಟ್ಟಿದ್ದವು.

ಇಲ್ಲಿ ಚರಿತ್ರೆಯ ಮೇಷ್ಟ್ರಾಗಿ ನಾನು ಒಂದು ಕ್ಷಣ ನಿಲ್ಲಬೇಕು. ಏಕೆಂದರೆ ಕಥೆಯಲ್ಲಿ ಬರುವುದಕ್ಕೆ ಮೊದಲೇ ಆ ದೇಶದಲ್ಲಿ ನಿಜವಾದ ವಲಯವೊಂದಿತ್ತು. ಉರಲ್ ಪರ್ವತಗಳ ಪೂರ್ವಕ್ಕೆ, 'ಮಾಯಾಕ್' ಎಂಬ ಗುಪ್ತ ಪ್ಲುಟೋನಿಯಂ ಕಾರ್ಖಾನೆಯಲ್ಲಿ 1957ರ ಸೆಪ್ಟೆಂಬರ್ 29ರಂದು ವಿಕಿರಣ ತ್ಯಾಜ್ಯದ ತೊಟ್ಟಿಯೊಂದು ಸ್ಫೋಟಿಸಿತು. ತಂಪುಗೊಳಿಸುವ ವ್ಯವಸ್ಥೆ ಕೆಟ್ಟು, ಒಳಗಿನ ಲವಣಗಳು ಒಣಗಿ ಸಿಡಿದದ್ದು ಕಾರಣ. ವಿಷಧೂಳು ಸುಮಾರು 300 ಕಿಲೋಮೀಟರ್ ಉದ್ದಕ್ಕೆ ಹರಡಿತು. ಮುಂದಿನ ತಿಂಗಳು, ವರ್ಷಗಳಲ್ಲಿ ಸುಮಾರು 10,000 ಜನರನ್ನು ಹಳ್ಳಿಗಳಿಂದ ಎಬ್ಬಿಸಲಾಯಿತು. ಕಾರಣವನ್ನು ಮಾತ್ರ ಹೇಳಲಿಲ್ಲ. ಇದಾದ ಐದನೆಯ ದಿನ, ಅಕ್ಟೋಬರ್ 4ರಂದು, ಸ್ಪುಟ್ನಿಕ್ ಆಕಾಶಕ್ಕೇರಿತು. ಜಗತ್ತು ಮೇಲೆ ನೋಡಿತು. ನಮ್ಮ ಪುಸ್ತಕಗಳ ಬೈಂಡಿನ ಮೇಲೂ ಬಂದದ್ದು ರಾಕೆಟ್ಟೇ ಹೊರತು ಆ ಹಳ್ಳಿಗಳಲ್ಲ.

1968ರಲ್ಲಿ ಆ ಪ್ರದೇಶವನ್ನು ಪ್ರಕೃತಿಧಾಮವೆಂದು ಘೋಷಿಸಿ ಬೇಲಿ ಹಾಕಲಾಯಿತು. ಒಳಗೆ ವಿಜ್ಞಾನಿಗಳು ಮರ, ಮೀನು, ಇಲಿಗಳಲ್ಲಿ ವಿಕಿರಣದ ಪರಿಣಾಮವನ್ನು ಅಭ್ಯಸಿಸಿ ಲೇಖನಗಳನ್ನು ಪ್ರಕಟಿಸಿದರು, ಆದರೆ ಸ್ಥಳದ ಹೆಸರಿಲ್ಲದೆ, ಕಾರಣವಿಲ್ಲದೆ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಸೋವಿಯತ್ ಜೀವವಿಜ್ಞಾನಿ ಜೋರೆಸ್ ಮೆದ್ವೆದೆವ್ 1976ರಲ್ಲಿ ಈ ದುರಂತದ ಪ್ರಸ್ತಾಪ ಮಾಡಿದಾಗ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಮುಖ್ಯಸ್ಥರೇ ಅದನ್ನು ಹುರುಳಿಲ್ಲದ ಮಾತೆಂದು ತಳ್ಳಿಹಾಕಿದರು. ಮೆದ್ವೆದೆವ್ ಹಟಬಿಡದೆ ಆ ಹೆಸರಿಲ್ಲದ ಲೇಖನಗಳನ್ನೇ ಸಂಗ್ರಹಿಸಿ, ಅವುಗಳಲ್ಲಿ ಬರುವ ಪ್ರಾಣಿ, ಸಸ್ಯ, ಸರೋವರಗಳ ವಿವರಗಳಿಂದಲೇ ಸ್ಥಳವನ್ನೂ ದುರಂತದ ಗಾತ್ರವನ್ನೂ ಊಹಿಸಿ 1979ರಲ್ಲಿ ಪುಸ್ತಕ ಬರೆದರು. ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1989ರಲ್ಲಿ. ಗಮನಿಸಿ, ಮನುಷ್ಯರು ಮುಚ್ಚಿಟ್ಟದ್ದನ್ನು ಮೀನುಗಳು ಹೇಳಿದವು.

ಅದೇ 1979ರಲ್ಲಿ ಆಂದ್ರೇ ತಾರ್ಕೋವ್‌ಸ್ಕಿ ಸ್ತ್ರುಗಾತ್ಸ್ಕಿ ಸೋದರರ ಕಥೆಯನ್ನಾಧರಿಸಿ 'ಸ್ಟಾಕರ್' ಚಲನಚಿತ್ರ ಮಾಡಿದ. ಮೊದಲು ಚಿತ್ರೀಕರಿಸಿದ ಭಾಗವೆಲ್ಲ ಸಂಸ್ಕರಣೆಯಲ್ಲಿ ಹಾಳಾದ್ದರಿಂದ ಪುನಃ ಚಿತ್ರೀಕರಿಸಬೇಕಾಯಿತು. ಎಸ್ಟೋನಿಯಾದ ತಾಲಿನ್ ಬಳಿಯ ಪಾಳುಬಿದ್ದ ಜಲವಿದ್ಯುತ್ ಸ್ಥಾವರಗಳೇ ವಲಯವಾದವು. ಒಬ್ಬ ಮಾರ್ಗದರ್ಶಿ, ಒಬ್ಬ ಲೇಖಕ, ಒಬ್ಬ ಪ್ರಾಧ್ಯಾಪಕ, ಇಷ್ಟೇ ಮಂದಿ. ಹೃದಯದ ಆಳದ ಬಯಕೆಯನ್ನು ಈಡೇರಿಸುವ ಕೊಠಡಿಯೊಂದು ಅಲ್ಲಿದೆಯಂತೆ. ದುಷ್ಟರ ಕೈಗೆ ಅದು ಸಿಕ್ಕಬಾರದೆಂದು ಪ್ರಾಧ್ಯಾಪಕ ಚೀಲದಲ್ಲಿ ಬಾಂಬು ತಂದಿದ್ದಾನೆ. ಕೊನೆಗೆ ತಾನೇ ಅದನ್ನು ಬಿಚ್ಚಿ ಎಸೆಯುತ್ತಾನೆ. ಈ ಚಿತ್ರದಲ್ಲಿ ಕರಿಯ ನಾಯಿಯೊಂದಿದೆ. ವಲಯದಲ್ಲಿ ಎಲ್ಲಿಂದಲೋ ಬಂದು ಇವರ ಜೊತೆಗೂಡಿ, ಕಡೆಗೆ ಮಾರ್ಗದರ್ಶಿಯ ಮನೆ ಸೇರುತ್ತದೆ. ಆ ದೃಶ್ಯ ಕಂಡಾಗ ನನಗೆ ಒಂಬತ್ತನೆಯ ತರಗತಿಯ ಹಿಂದಿನ ಬೆಂಚು ಕಣ್ಣಿಗೆ ಕಟ್ಟಿತು.

ಏಳು ವರ್ಷಗಳ ಬಳಿಕ, 1986ರ ಏಪ್ರಿಲ್ 26ರ ನಸುಕಿನಲ್ಲಿ, ಚೆರ್ನೋಬಿಲ್‌ನ ನಾಲ್ಕನೆಯ ಸ್ಥಾವರ ಸ್ಫೋಟಿಸಿತು. ಮರುದಿನ ಮಧ್ಯಾಹ್ನ ಪ್ರಿಪ್ಯಾತ್ ನಗರದ ಸುಮಾರು 49,000 ಜನರನ್ನು ಬಸ್ಸುಗಳಲ್ಲಿ ಸಾಗಿಸಿದರು. ಸುತ್ತಲಿನ 30 ಕಿಲೋಮೀಟರ್ ಪ್ರದೇಶಕ್ಕೆ ಜನ ಇಟ್ಟ ಹೆಸರು 'ವಲಯ' ಎಂದೇ. ಹೊರಸೂಸಿದ ವಿಕಿರಣಕ್ಕೆ ಹತ್ತಿರದ ಪೈನ್ ಮರಗಳು ಸತ್ತು ಕೆಂಪಾದವು. ಅದು 'ಕೆಂಪು ಕಾಡು'. ಸ್ಥಾವರದ ಸುತ್ತ ಕಟ್ಟಿದ ಉಕ್ಕು, ಕಾಂಕ್ರೀಟಿನ ಹೊದಿಕೆಯೊಳಗೆ ಕುರ್ಚಾತೊವ್ ಸಂಸ್ಥೆಯ ವಿಜ್ಞಾನಿಗಳು ಇಂಧನ ಎಲ್ಲಿ ಹೋಯಿತೆಂದು ಹುಡುಕುತ್ತ ನಡೆದರು. ಅದು ಮರಳು, ಕಾಂಕ್ರೀಟುಗಳೊಡನೆ ಕರಗಿ ಲಾವಾರಸದಂತೆ ಕೆಳಗಿನ ಕೋಣೆಗಳಿಗೆ ಹರಿದು ಗಟ್ಟಿಯಾಗಿತ್ತು. ಡಿಸೆಂಬರ್‌ನಲ್ಲಿ ಕಂಡ ಒಂದು ಮುದ್ದೆಗೆ 'ಆನೆಯ ಪಾದ' ಎಂದು ಹೆಸರಾಯಿತು. ಹೀಗೆ ಒಳಹೊಕ್ಕು ಬಂದವರು 'ಸ್ಟಾಕರ್'ಗಳೆನಿಸಿಕೊಂಡರು. ಕಥೆಯ ಮಾತು ನಿಜಜೀವನದ ವೃತ್ತಿಯ ಹೆಸರಾಯಿತು.

ಈ ಪರಂಪರೆ ನಿಂತಿಲ್ಲ. 2014ರಲ್ಲಿ ಅಮೆರಿಕದ ಜೆಫ್ ವ್ಯಾಂಡರ್‌ಮೀರ್ 'ಅನೈಹಿಲೇಷನ್' ಬರೆದ. ನಾಲ್ವರು ವಿಜ್ಞಾನಿ ಮಹಿಳೆಯರು ಹೆಸರಿಲ್ಲದೆ, ಕೇವಲ ವೃತ್ತಿನಾಮಗಳಿಂದ, 'ಏರಿಯಾ ಎಕ್ಸ್' ಎಂಬ ನಿಷಿದ್ಧ ಕರಾವಳಿಗೆ ಹೋಗುತ್ತಾರೆ. ಫ್ಲಾರಿಡಾದ ಸೇಂಟ್ ಮಾರ್ಕ್ಸ್ ವನ್ಯಧಾಮದಲ್ಲಿ ತಾನು ಅಲೆದ ಕಾಲುದಾರಿಯೇ ಅದರ ಪ್ರೇರಣೆಯೆಂದು ಲೇಖಕ ಹೇಳಿದ್ದಾನೆ. ಅಲ್ಲಿ ಕಾಡು ವಿಜ್ಞಾನಿಯನ್ನು ಕೊಲ್ಲುವುದಷ್ಟೇ ಅಲ್ಲ, ಅವಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ.

ನಮ್ಮಲ್ಲಿ? 'ರೋಡ್‌ಸೈಡ್ ಪಿಕ್ನಿಕ್' ಪುಸ್ತಕವಾಗಿ ಬಂದ 1980ರಲ್ಲೇ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಪ್ರಕಟವಾಯಿತು. ಅಲ್ಲಿಯೂ ಒಬ್ಬ ವಿಜ್ಞಾನಿಯಿದ್ದಾನೆ, ಪಶ್ಚಿಮಘಟ್ಟದ ದುರ್ಗಮ ಕಾಡಿದೆ, ಕೋಟ್ಯಂತರ ವರ್ಷಗಳನ್ನು ದಾಟಿ ಬಂದ ಹಾರುವ ಓತಿಯಿದೆ. ಆದರೆ ತಂಡ ಎಂತಹದು! ಹಳ್ಳಿಯ ಮಂದಣ್ಣ, ಅಡಿಗೆಯ ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ಓತಿ ಕೈಗೆ ಸಿಕ್ಕದೆ ಪ್ರಪಾತದಾಚೆ ತೇಲಿಹೋಗುತ್ತದೆ. ಅಲ್ಲಿ ಚಾಲೆಂಜರ್‌ನ ಗರ್ವವೂ ಇಲ್ಲ, ಲವ್‌ಕ್ರಾಫ್ಟನ ಭೀತಿಯೂ ಇಲ್ಲ; ಉಳಿಯುವುದು ವಿಸ್ಮಯ. ತಿಳಿಯದ್ದರ ಮುಂದೆ ನಿಲ್ಲಲು ಹೀಗೂ ಒಂದು ಬಗೆಯಿದೆ. ಆ ಪುಸ್ತಕವನ್ನು ನಾನು ನಿಮಗೆಲ್ಲ ಓದಲು ಹೇಳಿದ್ದೆ. ನಾನು ಮಾತ್ರ ಅದರಿಂದ ಕಲಿತಿರಲಿಲ್ಲವೆಂದು ಈಗ ತೋರುತ್ತದೆ.

ಇನ್ನು ಆ ಹುಡುಗನ ಪ್ರಶ್ನೆಗೆ ಉತ್ತರ.

ಪ್ರಿಪ್ಯಾತ್ ಬಿಡುವಾಗ ಜನರಿಗೆ ಸಾಕುಪ್ರಾಣಿಗಳನ್ನು ಒಯ್ಯಲು ಬಿಡಲಿಲ್ಲ ಕಣಯ್ಯಾ. ಕೆಲವೇ ದಿನಗಳಲ್ಲಿ ಹಿಂದಿರುಗುವೆವೆಂದು ಅವರು ನಂಬಿದ್ದರು. ಬಳಿಕ ಮೈಯ ರೋಮದಲ್ಲಿ ವಿಷಧೂಳು ಹೊತ್ತು ತಿರುಗುತ್ತವೆಂದು ನಾಯಿಗಳನ್ನು ಕೊಲ್ಲಲು ಬೇಟೆಗಾರರ ತಂಡಗಳನ್ನು ಕಳುಹಿಸಿದರು. ಮನುಷ್ಯರ ದನಿ ಕೇಳಿ ಅವು ಓಡಿಬಂದವೆಂದು ಆ ಬೇಟೆಗಾರರೇ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಅವರಿಗೆ ಹೇಳಿದ್ದಾರೆ. ಆ ಸಾಕ್ಷ್ಯಗಳ ಗ್ರಂಥ 1997ರಲ್ಲಿ ಬಂದಿತು. 2015ರಲ್ಲಿ ಲೇಖಕಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಎಲ್ಲವೂ ಸಾಯಲಿಲ್ಲ. ಪ್ರದೇಶದ ನೂರಾರು ನಾಯಿಗಳಿಗೆ ಸ್ಥಾವರದ ಕೆಲಸಗಾರರೇ ತುತ್ತು ಹಾಕುತ್ತ ಬಂದರು. 2023ರಲ್ಲಿ ವಿಜ್ಞಾನಿಗಳು 302 ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ಸ್ಥಾವರದ ಬಳಿಯ ನಾಯಿಗಳ ವಂಶ ಸುಮಾರು 15 ಕಿಲೋಮೀಟರ್ ದೂರದ ಚೆರ್ನೋಬಿಲ್ ಪಟ್ಟಣದ ನಾಯಿಗಳಿಂದ ಸ್ಪಷ್ಟವಾಗಿ ಬೇರೆಯಾಗಿದೆ. ಅದಕ್ಕೆ ವಿಕಿರಣವೇ ಕಾರಣವೆಂದು ಸಿದ್ಧವಾಗಿಲ್ಲ. ಬೆಲಾರೂಸ್ ಭಾಗದ ವಲಯದಲ್ಲಿ ತೋಳಗಳ ಸಂಖ್ಯೆ ಸುತ್ತಲಿನ ರಕ್ಷಿತಾರಣ್ಯಗಳಿಗಿಂತ ಏಳು ಪಟ್ಟು ಹೆಚ್ಚೆಂದು 2015ರ ಅಧ್ಯಯನವೊಂದು ತೋರಿಸಿತು. ಮನುಷ್ಯನಿಲ್ಲದಿರುವುದು ವಿಕಿರಣಕ್ಕಿಂತ ದೊಡ್ಡ ವರವಾಯಿತೋ ಏನೋ! 2022ರಲ್ಲಿ ರಷ್ಯದ ಸೇನೆ ಅದೇ ವಲಯವನ್ನು ಹಾದು ಬಂದು ಕೆಲವು ವಾರ ಸ್ಥಾವರವನ್ನು ವಶದಲ್ಲಿಟ್ಟುಕೊಂಡಿತ್ತು. ಕಾಡು ಸುಮ್ಮನಿದ್ದರೂ ಮನುಷ್ಯನು ಸುಮ್ಮನಿರಲಾರ.

ನಾಯಿಗಳು ಏನಾದವು ಎಂಬುದು ಚರಿತ್ರೆಯ ಪ್ರಶ್ನೆಯೇ ಆಗಿತ್ತು. ಉರಲ್‌ನ ಗುಟ್ಟು ಹೊರಬಿದ್ದದ್ದೂ ಅಂತಹದೇ ಪ್ರಶ್ನೆಗಳಿಂದ: ಈ ಮೀನುಗಳಿಗೆ ಏನಾಯಿತು, ಯಾವ ಸರೋವರದವು? ಗದ್ದುಗೆಯಲ್ಲಿ ಕುಳಿತವರಿಗೆ ಇಂತಹ ಪ್ರಶ್ನೆಗಳು ನಗೆ ತರಿಸುತ್ತವೆ. ತರಗತಿಯ ಕುರ್ಚಿಯೂ ಒಂದು ಗದ್ದುಗೆಯೆಂಬುದು ಅಂದು ನನಗೆ ಹೊಳೆದಿರಲಿಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವನಿಗೆ ತಿಳಿಯುತ್ತದೆ. ಅಪ್ಪಾ, ಅಂದು ನಾನು ನಕ್ಕದ್ದು ತಪ್ಪು. ನಿನ್ನ ಪ್ರಶ್ನೆ ಸರಿಯಾಗಿತ್ತು. ಈಗ ನಿನಗೂ ಮಕ್ಕಳಿರಬಹುದು. ಅವರು ಏನಾದರೂ ಕೇಳಿದಾಗ ಕೂತ್ಕೋ ಎನ್ನಬೇಡ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಹಳೆಯ ಮೇಷ್ಟ್ರು