ಮೂರು ದಿನದ ಜಾತ್ರೆ, ವರ್ಷದ ತಾಲೀಮು

ಬೆಳಗಾವಿ ಕಾಂಗ್ರೆಸ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಎರಡು ಸಂಗತಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಮತ್ತೆ, ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು ಅಲ್ಲಿ. 2024ರಲ್ಲಿ ನೂರು ವರ್ಷ ತುಂಬಿದಾಗಲೂ ಭಾಷಣಗಳಲ್ಲಿ ಕೇಳಿದ್ದು ಹೆಚ್ಚೂಕಡಿಮೆ ಇವೇ.

ನನಗೆ ಮಾತ್ರ ಬೇರೆ ಕುತೂಹಲ. ಅಷ್ಟು ಸಾವಿರ ಜನಕ್ಕೆ ನೀರು ಎಲ್ಲಿಂದ ಬಂತು? ಎಲೆ ಎತ್ತಿದವರು ಯಾರು? ಕಕ್ಕಸು ತೊಳೆದವರು ಯಾರು? ಆಫೀಸಿನ ಕನ್ನಡ ಸಂಘದಲ್ಲಿ ನಾಲ್ಕಾರು ವರ್ಷ ರಾಜ್ಯೋತ್ಸವ ಮಾಡಿಸಿದವನಿಗೆ ಇಂಥ ಪ್ರಶ್ನೆಗಳೇ ಬರುತ್ತವೆ ಬಿಡಿ. ಮೈಕಿನವನಿಗೆ ಹೇಳಿದ್ರಾ ಅಂದರೆ "ಅವರು ಹೇಳಿರಬೇಕು" ಅನ್ನುತ್ತಾರೆ. ಅವರನ್ನು ಕೇಳಿದರೆ ಇವರತ್ತ ಬೆರಳು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿರುತ್ತೆ :)

ಇದು ನಮ್ಮ ಕಾಲದ ರೋಗ ಅಂತ ತಿಳಿದಿದ್ದೆ. ಗಾಂಧೀಜಿಯ ಆತ್ಮಕಥೆಯಲ್ಲಿ 1901ರ ಕಲ್ಕತ್ತಾ ಕಾಂಗ್ರೆಸ್ಸಿನ ಅಧ್ಯಾಯ ಓದಿದ ಮೇಲೆ ಆ ಭ್ರಮೆ ಹೋಯಿತು. ಆಗ ಅವರಿನ್ನೂ ದಕ್ಷಿಣ ಆಫ್ರಿಕದಿಂದ ಬಂದಿದ್ದ ಒಬ್ಬ ವಕೀಲರು, ಅಷ್ಟೇ. ಅಲ್ಲಿ ಒಬ್ಬ ಸ್ವಯಂಸೇವಕನಿಗೆ ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ ಹೇಳುತ್ತಿದ್ದ, ಅವನು ಮೂರನೆಯವನಿಗೆ. ಕಕ್ಕಸುಗಳು ಗಬ್ಬು ನಾರುತ್ತಿದ್ದವು. ತೋರಿಸಿದರೆ, ಅದು ನಮ್ಮ ಕೆಲಸವಲ್ಲ, ಭಂಗಿಗಳದ್ದು ಅಂದರಂತೆ. ಗಾಂಧೀಜಿ ಪೊರಕೆ ಹುಡುಕಿ ತಂದು ತಾವೇ ಒಂದನ್ನು ತೊಳೆದುಕೊಂಡರು. ಈ ಪ್ರಸಂಗ ಎಲ್ಲರೂ ಹೇಳುತ್ತಾರೆ. ಆದರೆ ಅದೇ ಅಧ್ಯಾಯದಲ್ಲಿರುವ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಆ ಹುಡುಗರನ್ನು ಅವರು ಬೈಯುವುದಿಲ್ಲ. ಕಾಂಗ್ರೆಸ್ ವರ್ಷಕ್ಕೆ ಮೂರು ದಿನ ಸೇರಿ ಆಮೇಲೆ ಮಲಗಿಬಿಡುತ್ತದೆ, ಮೂರು ದಿನದ ತಮಾಷೆಯಲ್ಲಿ ಯಾರು ಏನು ತರಬೇತಿ ಪಡೆದಾರು ಅಂತ ಕೇಳುತ್ತಾರೆ. ಅಂದರೆ ಹುಡುಗರಲ್ಲಿ ಉತ್ಸಾಹ ಇರಲಿಲ್ಲ ಅಂತಲ್ಲ, ಕಲಿಯುವುದಕ್ಕೆ ಜಾಗವೇ ಇರಲಿಲ್ಲ.

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಪ್ಪತ್ತೆರಡು ವರ್ಷಗಳ ಮೇಲೆ. ಅದೂ ನಮ್ಮ ಹುಬ್ಬಳ್ಳಿಯಿಂದ!

ಡಾ. ನಾ. ಸು. ಹರ್ಡೀಕರ್ ಹೆಸರು ಉತ್ತರ ಕರ್ನಾಟಕದವರಿಗೆ ಗೊತ್ತಿದ್ದೀತು. 1889ರಲ್ಲಿ ವಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಷಿಗನ್‌ನಲ್ಲಿ ಸಾರ್ವಜನಿಕ ಆರೋಗ್ಯ ಕಲಿತರು. ಅಲ್ಲಿ ಲಾಲಾ ಲಜಪತರಾಯರ ಜೊತೆ ಹೋಂರೂಲ್ ಕೆಲಸ ಮಾಡಿ 1921ರಲ್ಲಿ ಊರಿಗೆ ಮರಳಿದರು. ಹುಬ್ಬಳ್ಳಿಯಲ್ಲಿ ಹುಡುಗರನ್ನು ಸೇರಿಸಿ ಸೇವಾ ಮಂಡಳ ಕಟ್ಟಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಬೇರೆ ಕಡೆಯ ಕೆಲವರು ಕ್ಷಮಾಪತ್ರ ಬರೆದುಕೊಟ್ಟು ಜೈಲಿನಿಂದ ಹೊರಬಂದರೆ ಈ ಹುಬ್ಬಳ್ಳಿಯವರು ಜಗ್ಗಲಿಲ್ಲ. ಅದು ದೇಶದ ಕಣ್ಣಿಗೆ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಆ ದಳಕ್ಕೆ ಅಧ್ಯಕ್ಷರಾದವರು ಜವಾಹರಲಾಲ್ ನೆಹರೂ.

ಸೇವಾದಳ ವರ್ಷವಿಡೀ ನಡೆಯುತ್ತಿತ್ತು. ಶಿಬಿರ, ಕವಾಯತು, ತುಕಡಿ, ತುಕಡಿಗೊಬ್ಬ ನಾಯಕ. ಇದೇನು ಸೈನ್ಯ ಕಟ್ಟುತ್ತಿದ್ದೀರಾ, ಅಹಿಂಸೆಗೆ ಇದು ಒಗ್ಗುತ್ತದೆಯೇ ಅಂತ ಕಾಂಗ್ರೆಸ್ಸಿನ ಒಳಗೇ ಗೊಣಗಿದವರಿದ್ದರು. ಆ ಅಳುಕು ಪೂರ್ತಿ ಸುಳ್ಳೇನಲ್ಲ ಅನ್ನಿಸುತ್ತದೆ ನನಗೆ. ಸಮವಸ್ತ್ರ ಹಾಕಿದವರಿಗೆ ಅಪ್ಪಣೆ ಕೊಡುವ ಚಪಲ ಬೇಗ ಬರುತ್ತದೆ. ಆದರೆ ಈ ದಳಕ್ಕೆ ಮುಂದಿನ ವರ್ಷವೇ ಸಿಕ್ಕ ದೊಡ್ಡ ಕೆಲಸ ಯಾರಿಗೂ ಅಪ್ಪಣೆ ಕೊಡುವುದಾಗಿರಲಿಲ್ಲ, ನೀರು ಹೊರುವುದು, ದಾರಿ ತೋರಿಸುವುದು, ಕಸ ತೆಗೆಯುವುದಾಗಿತ್ತು.

1924ರ ಅಧಿವೇಶನ ಕರ್ನಾಟಕದ ಪಾಲಿಗೆ ಬಂದಿತ್ತು. ಸ್ವಾಗತ ಸಮಿತಿಗೆ ಮುಖ್ಯಸ್ಥರು ಗಂಗಾಧರರಾವ್ ದೇಶಪಾಂಡೆ. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಊರನ್ನೇ ಎಬ್ಬಿಸಿದರು, ಅದಕ್ಕೆ ವಿಜಯನಗರ ಅಂತ ಹೆಸರಿಟ್ಟರು. ಹಂಪಿಯ ನೆನಪಿಗೆ ಗೋಪುರ. ನೀರಿಗಾಗಿ ಹೊಸ ಬಾವಿ ತೋಡಿಸಿ ಪಂಪಾ ಸರೋವರ ಎಂದು ಕರೆದರು. ಅದಕ್ಕೆ ತಗುಲಿದ ಖರ್ಚು 4,370 ರೂಪಾಯಿ 3 ಆಣೆ. ಆ ಮೂರು ಆಣೆಯನ್ನೂ ಬರೆದಿಟ್ಟಿದ್ದಾರಲ್ಲ, ಅದು ನನಗೆ ಬಹಳ ಇಷ್ಟ. ಎಲ್ಲ ಮುಗಿದ ಮೇಲೆ 773 ರೂಪಾಯಿ ಉಳಿತಾಯ ತೋರಿಸಿದ ಲೆಕ್ಕವೂ ಇದೆ. ಬಾವಿ ಈಗಲೂ ಇದೆ, ಕಾಂಗ್ರೆಸ್ ಬಾವಿ ಅಂತಾರೆ. ಪಕ್ಕದಲ್ಲೇ ವೀರಸೌಧ. ಬೆಳಗಾವಿಗೆ ಹೋದವರು ಕುಂದಾ ಕಟ್ಟಿಸಿಕೊಳ್ಳುವ ಮೊದಲು ಒಂದು ಸಾರಿ ಇಣುಕಿ ಬನ್ನಿ.

ಸ್ವಯಂಸೇವಕರ ಹೊಣೆ ಹರ್ಡೀಕರರದ್ದು. ಹೆಣ್ಣುಮಕ್ಕಳ ದಳ ಕಟ್ಟಿದವರು ಉಮಾಬಾಯಿ ಕುಂದಾಪುರ. ಇವರ ಬಗ್ಗೆ ಸ್ವಲ್ಪ ನಿಧಾನಿಸಲೇಬೇಕು. 1892ರಲ್ಲಿ ಮಂಗಳೂರಿನಲ್ಲಿ ಭವಾನಿ ಗೋಳಿಕೇರಿಯಾಗಿ ಹುಟ್ಟಿದರು. ಬಾಲ್ಯದಲ್ಲೇ ಮದುವೆ. ಇಪ್ಪತ್ತೈದರ ಹರೆಯದಲ್ಲಿ ಗಂಡ ತೀರಿಕೊಂಡರು. ಮಾವ ಆನಂದರಾಯರು ಸೊಸೆಯನ್ನು ಮೂಲೆಗೆ ಕೂರಿಸದೆ ಓದಿಸಿದರು, ಹೊರಗಿನ ಕೆಲಸಕ್ಕೆ ಬೆನ್ನು ತಟ್ಟಿದರು. ಹುಬ್ಬಳ್ಳಿಗೆ ಬಂದ ಮೇಲೆ ಉಮಾಬಾಯಿ ಭಗಿನಿ ಮಂಡಳ ನಡೆಸಿದರು. ಬೆಳಗಾವಿಗಾಗಿ ಅವರು ಊರೂರು ಸುತ್ತಿ ನೂರಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿದರು. ಅವರಲ್ಲಿ ವಿಧವೆಯರೂ ಇದ್ದರು. 1924ರಲ್ಲಿ ಒಬ್ಬ ಗಂಡ ಸತ್ತ ಹೆಂಗಸು ಮನೆಯ ಹೊಸ್ತಿಲು ದಾಟಿ, ಸಾವಿರಾರು ಪರಊರಿನವರ ನಡುವೆ ನಿಂತು ಕೆಲಸ ಮಾಡುವುದೆಂದರೆ ಏನು ಅಂತ ಒಂದು ಕ್ಷಣ ಯೋಚಿಸಿ. ಕರೆಯಲು ಬಂದವಳೂ ತಮ್ಮಂತೆಯೇ ವಿಧವೆ ಅನ್ನುವುದು ಆ ಮನೆಗಳ ಬಾಗಿಲು ತೆರೆಸಿರಬೇಕು ಅಂತ ನನ್ನ ಊಹೆ.

ಇನ್ನು ಕಕ್ಕಸಿನ ವಿಚಾರ. ನೈರ್ಮಲ್ಯದ ಕೆಲಸದ ಮುಂದಾಳು ಕಾಕಾ ಕಾಲೇಲ್ಕರ್, ಹಿಂದೆ ಬೆಳಗಾವಿಯಲ್ಲೇ ಮೇಷ್ಟ್ರಾಗಿದ್ದವರು. ಅವರ ಜೊತೆ ಪೊರಕೆ ಹಿಡಿದ ತರುಣರಲ್ಲಿ ಬ್ರಾಹ್ಮಣರೂ ಇದ್ದರು. ಕಲ್ಕತ್ತೆಯಲ್ಲಿ ಒಬ್ಬರೇ ಮಾಡಿದ್ದನ್ನು ಇಲ್ಲಿ ಒಂದು ತಂಡ ಪಾಳಿ ಹಚ್ಚಿಕೊಂಡಂತೆ ಮಾಡಿತು. ಅದರಿಂದ ಜಾತಿ ಅಳಿಸಿಹೋಯಿತು ಅಂತ ನಾನು ಹೇಳುತ್ತಿಲ್ಲ. ಅಧಿವೇಶನ ಮುಗಿದ ಮಾರನೇ ದಿನ ಅದೇ ಊರಿನಲ್ಲಿ ಆ ಕೆಲಸ ಮತ್ತೆ ಯಾರ ತಲೆಗೆ ಬಂದಿರಬೇಕು ಅನ್ನುವುದು ನಮಗೆಲ್ಲ ಗೊತ್ತು.

ಡಿಸೆಂಬರ್ 26, 27ರಂದು ಅಧಿವೇಶನ ನಡೆಯಿತು. ಸ್ವರಾಜಿಗಳ ಜೊತೆಗಿನ ಒಪ್ಪಂದ ಮೊದಲೇ ಆಗಿದ್ದರಿಂದ ಎರಡೇ ದಿನಕ್ಕೆ ಮುಗಿಯಿತು. ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಅಲ್ಲಿ ಹಾಡಿದರು. ಅದೇ ದಿನಗಳಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತೂ ಬೆಳಗಾವಿಯಲ್ಲಿ ನಡೆಯಿತು.

ಆಮೇಲೆ ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಬರೆದದ್ದನ್ನು ನಮ್ಮ ಕಾರ್ಯಕ್ರಮ ಮುಗಿಸಿದವರೆಲ್ಲ ಓದಬೇಕು. ಸುಮ್ಮನೆ ಹೊಗಳಿ ಕೈತೊಳೆದುಕೊಳ್ಳಲಿಲ್ಲ ಮಹಾನುಭಾವರು. ವಿಜಯನಗರವನ್ನು ಗೆಲುವು ಎಂದರು, ಆದರೆ ಸ್ವರಾಜ್ಯದ್ದಲ್ಲ, ಸಂಘಟನೆಯದು. ಹರ್ಡೀಕರರ ಸ್ವಯಂಸೇವಕರು ಚುರುಕು. ದೀಪದ ವ್ಯವಸ್ಥೆಗೆ ಪೂರ್ತಿ ಅಂಕ. ರಸ್ತೆ ಅಗಲವೇ, ಇನ್ನೂ ಅಗಲ ಇರಬಹುದಿತ್ತು. ನೈರ್ಮಲ್ಯ ಚೆನ್ನಾಗಿತ್ತು, ಆದರೆ ಬಳಸಿದ ನೀರನ್ನು ಹೊರಹಾಕುವ ಕ್ರಮ ತೀರಾ ಹಳೇಕಾಲದ್ದು. ಅಧ್ಯಕ್ಷ ಭಾಷಣ ಮಾಡಿದವರು ಬಚ್ಚಲ ನೀರು ಎಲ್ಲಿಗೆ ಹೋಗುತ್ತಿದೆ ಅಂತಲೂ ನೋಡಿದ್ದಾರೆ! ದುಂದಿನ ಬಗ್ಗೆಯೂ ಅವರಿಗೆ ಅಸಮಾಧಾನವಿತ್ತು. ಬಿದಿರು, ಖಾದಿಯಲ್ಲಿ 350 ರೂಪಾಯಿಗೆ ಕಟ್ಟಿದ ಅವರ ಗುಡಿಸಲೇ ಅವರಿಗೆ ಅರಮನೆಯಾಗಿ ಕಂಡಿತು. ಪ್ರತಿನಿಧಿಗಳ ಶುಲ್ಕವನ್ನು ಹತ್ತರಿಂದ ಒಂದು ರೂಪಾಯಿಗೆ ಇಳಿಸಬೇಕು ಎಂದರು. ಬಡವರು ಬರಲಾಗದಿದ್ದರೆ ಗೋಪುರ ಕಟ್ಟಿ ಏನು ಬಂತು?

ಆ ಟೀಕೆಯಿಂದ ಯಾರಾದರೂ ಮುನಿಸಿಕೊಂಡರೋ ಏನೋ. ಆದರೆ ದಳ ಚದುರಲಿಲ್ಲ. ಮುಂದಿನ ಅಧಿವೇಶನಗಳಿಗೂ ಹೋಯಿತು. 1930ರ ಉಪ್ಪಿನ ಸತ್ಯಾಗ್ರಹ ಬಂದಾಗ ಇದೇ ತರಬೇತಾದ ಜನ ಬೀದಿಗಿಳಿದರು. 1932ರಲ್ಲಿ ಸರ್ಕಾರ ಸೇವಾದಳವನ್ನು ನಿಷೇಧಿಸಿತು. ಉಮಾಬಾಯಿ ಯರವಡಾ ಜೈಲಿಗೆ ಹೋದರು, ಅವರ ಶಾಲೆಗೆ ಬೀಗ ಬಿತ್ತು. ಚಪ್ಪರ ಹಾಕಿ ಎಲೆ ಎತ್ತುವವರನ್ನು ಕಂಡು ಸರ್ಕಾರ ಹೆದರಿತು ಅಂದರೆ, ಆ ಕೆಲಸದ ಬೆಲೆ ನಮಗಿಂತ ಚೆನ್ನಾಗಿ ಬ್ರಿಟಿಷರಿಗೆ ತಿಳಿದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಉಮಾಬಾಯಿ ಯಾವ ಹುದ್ದೆಯನ್ನೂ ಒಪ್ಪದೆ ಹುಬ್ಬಳ್ಳಿಯ ಪುಟ್ಟ ಮನೆಯಲ್ಲೇ ಇದ್ದು 1992ರಲ್ಲಿ ತೀರಿಕೊಂಡರು.

ಬೆಳಗಾವಿಗೆ ಹೋದ ಆ ನೂರು ಚಿಲ್ಲರೆ ಹೆಂಗಸರ ಹೆಸರುಗಳನ್ನು ಹುಡುಕಬೇಕೆಂದು ನನಗೆ ಆಸೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗದಗ ಕಡೆಯ ಗೆಳೆಯರೇ, ನಿಮ್ಮ ಅಜ್ಜಿಯೋ ಮುತ್ತಜ್ಜಿಯೋ ಅಲ್ಲಿಗೆ ಹೋಗಿದ್ದ ಕತೆ ಮನೆಯಲ್ಲಿ ಇದ್ದರೆ, ಒಂದು ಹಳೆಯ ಫೋಟೋ ಇದ್ದರೆ, ದಯವಿಟ್ಟು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ.